ಹೊನ್ನಿಯ ಬಲಗಣ್ಣು

ಸಹೃದಯರೂ ನಿಷ್ಪಕ್ಷಪಾತ ಬುದ್ಧಿಯುಳ್ಳವರೂ ಆದ ವಾಚಕ ಮಹಾಶಯರೇ, ಇಲ್ಲಿ ತಮಗೆ ನಿವೇದಿಸಲಿರುವ ವೃತ್ತಾಂತವು ಯಾವ ಊರಿನಲ್ಲಿ ನಡೆಯಿತೋ ಆ ಊರಿನ ಹೆಸರನ್ನು ನಾನು ಹೇಳಲಾರೆ. ಬಚ್ಚಿಡಬೇಕೆಂಬ ಹಟದಿಂದಲ್ಲ. ಅಲ್ಲಿನ ಬಸ್ ನಿಲ್ದಾಣದ ಫಲಕದಲ್ಲಿ ಹೆಸರಿರಬೇಕಾದ ಜಾಗಕ್ಕೆ ಸುಣ್ಣ ಬಳಿದಿತ್ತು. ಕೇಳಿದವರೆಲ್ಲ ‘ನಮ್ಮೂರು’ ಎಂದಷ್ಟೇ ಅಂದರು. ನಾನೂ ಮತ್ತೆ ಕೇಳಲಿಲ್ಲ. ಅಲೆಯುವುದೇ ಬದುಕಾದವನಲ್ಲಿ ಊರುಗಳ ಹೆಸರು ಬೇಗ ಸವೆದುಹೋಗುತ್ತದೆ, ಒಂದೊಂದು ನೋಟ ಮಾತ್ರ ಉಳಿಯುತ್ತದೆ. ಈ ಊರಿನಿಂದ ನನ್ನೊಡನೆ ಬಂದಿರುವುದು ಒಂದು ಕಣ್ಣು. ಅದರ ಕಥೆಯನ್ನು ಕ್ರಮವಾಗಿ ಹೇಳುತ್ತೇನೆ; ತಾವು ಸಾವಧಾನದಿಂದ ಆಲಿಸಬೇಕು.

ಬಸ್ಸಿಳಿದವನು ಮೊದಲು ಹೊಕ್ಕಿದ್ದು ಹಂಪಣ್ಣನೆಂಬವನ ಕ್ಷೌರದಂಗಡಿಯನ್ನು. ಅಲ್ಲಿ ಕುರ್ಚಿಗಳನ್ನು ಕನ್ನಡಿಗೆ ಬೆನ್ನು ಮಾಡಿ ಇಟ್ಟಿದ್ದರು. ಗಡ್ಡವನ್ನು ಅವನು ನೋಡಿಯೂ ನೋಡದವನಂತೆ ಸರಸರನೆ ಹೆರೆದು, ಹೆಡತಲೆಗೆ ಬಂದಾಗ ಮಾತ್ರ ಉಸಿರು ಬಿಗಿಹಿಡಿದ.

“ಹೆಡಕು ದುಂಡಗ ಮಾಡ್ಲ್ಯೋ ನೆಟ್ಟಗ ಮಾಡ್ಲ್ಯೋ?” ಎಂದು ಕೇಳಿದ.

“ಮುಖ ಚೆನ್ನಾಗಿದ್ದರೆ ಸಾಕಪ್ಪ,” ಎಂದೆ.

“ಮಾರಿ ಯಾರ್ ನೋಡ್ತಾರ್ರಿ ಇಲ್ಲಿ?” ಎಂದವನು ಕತ್ತಿಯ ತುದಿಯಿಂದ ಗೋಡೆಯನ್ನು ತೋರಿಸಿದ. ಅಲ್ಲಿ ಗಂಧದ ಹಾರ ಹಾಕಿದ ಒಂದು ಭಾವಚಿತ್ರವಿತ್ತು. ಅದರಲ್ಲಿದ್ದ ಮನುಷ್ಯ ನಮಗೆ ಬೆನ್ನು ತಿರುಗಿಸಿ ಕುಳಿತಿದ್ದ. “ನಮ್ಮಪ್ಪ,” ಎಂದ ಹಂಪಣ್ಣ, ಅಭಿಮಾನದಿಂದ. “ನೋಡ್ರಿ ಹೆಂಗ ಐತಿ ಹೆಡಕು. ನಾನ ಮಾಡಿದ್ದು, ಫೋಟೋ ತಗ್ಸೂ ಮುಂಚೆ.”

ನನ್ನ ಕೈಚೀಲದಲ್ಲಿ ಒಂದು ಹಳೆಯ ಲ್ಯಾಪ್‌ಟಾಪೂ, ಲೇಖನಿಯಿಂದ ಗೀಚಿದ್ದನ್ನು ತೆರೆಗೆ ತಲುಪಿಸುವ ಒಂದು ಹಲಗೆಯೂ ಇದ್ದವು. ಮದುವೆ, ಗೃಹಪ್ರವೇಶಗಳ ಸಾದಾ ಫೋಟೋಗಳನ್ನು ತೈಲಚಿತ್ರಗಳಂತೆ ಮಾರ್ಪಡಿಸಿಕೊಡುವುದು ಆ ಕಾಲದಲ್ಲಿ ನನ್ನ ಹೊಟ್ಟೆಪಾಡು. ಬಣ್ಣಗಳನ್ನೆಲ್ಲ ಒಂದೇ ಛಾಯೆಗೆ ಇಳಿಸಬೇಕು. ಬೆಳಕು ಒಂದೇ ಪಕ್ಕದಿಂದ ಬಿದ್ದಂತೆ ಮಾಡಬೇಕು. ಹಣೆ, ಕೆನ್ನೆ, ಸೆರಗಿನ ನೆರಿಗೆಗಳ ಮೇಲೆ ಕುಂಚದ ಗೆರೆಗಳನ್ನು ಒಂದೊಂದಾಗಿ ಎಳೆಯಬೇಕು. ಕಡೆಗೆ ಬಟ್ಟೆಯ ನೇಯ್ಗೆಯನ್ನು ಮೇಲೆ ಹೊದಿಸಬೇಕು. ಆಗ ಗಡಿಬಿಡಿಯಲ್ಲಿ ತೆಗೆದ ಫೋಟೋ ಕೂಡ ಅರಮನೆಯಿಂದ ಬಂದಂತೆ ಕಾಣುತ್ತದೆ. ಹಂಪಣ್ಣನ ಅಂಗಡಿಯ ಎದುರಿಗೇ ವಿರೂಪಣ್ಣನ ಸ್ಟುಡಿಯೋ ಇತ್ತು. ವಿರೂಪಣ್ಣ ನನ್ನ ಕೆಲಸವನ್ನು ನೋಡಿ, ಕೈ ಚೆನ್ನಾಗಿದೆ ಎಂದು ಒಪ್ಪಿ, ಹಿಂದಿನ ಕೋಣೆಯಲ್ಲಿ ಮಲಗಲು ಜಾಗ ಕೊಟ್ಟ. ಆಮೇಲೆ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಒಂದು ಫೋಟೋ ತೆಗೆದು, ನೀರು ತುಂಬಿಟ್ಟ ಮಣ್ಣಿನ ಹರವಿಯ ಮೇಲಿನ ಮೊಳೆಗೆ ನೇತುಹಾಕಿದ.

“ಬಾಯಿಲೆ ಹೇಳಿದ್ರ ನಂಬಂಗಿಲ್ಲ ನೀ. ದಿನಾ ನೀರ್ ಕುಡಿಯಾಕ ಬರ್ತೀಯಲ್ಲ, ನೋಡ್ಕೋತ ಇರು,” ಎಂದ.

ನೋಡುತ್ತಲೇ ಇದ್ದೆ. ವಾರ ಕಳೆಯುವುದರೊಳಗೆ ಚಿತ್ರದಲ್ಲಿನ ನನ್ನ ದೃಷ್ಟಿ ನನ್ನನ್ನು ಬಿಟ್ಟು ಬಾಗಿಲ ಕಡೆಗೆ ಸರಿದಿತ್ತು. ಆಮೇಲೆ ಒಂದು ಕಿವಿ ಪೂರ್ತಿ ಕಂಡಿತು. ತಿಂಗಳು ಮುಗಿಯುವ ಹೊತ್ತಿಗೆ ಹಂಪಣ್ಣ ದುಂಡಗೆ ಮಾಡಿದ್ದ ನನ್ನ ಹೆಡತಲೆ, ಅಂಗಿಯ ಕಾಲರು, ಕಾಲರಿನೊಳಗೆ ನಾನೆಂದೂ ನೋಡಿಕೊಳ್ಳದ ಒಂದು ಮಚ್ಚೆ ಕಾಣಿಸಿಕೊಂಡವು. ಹರವಿಯ ನೀರಿಗೆ ಕೈ ಚಾಚಿದಾಗಲೆಲ್ಲ, ನನ್ನ ಮಾತನ್ನು ಅರ್ಧಕ್ಕೇ ಬಿಟ್ಟು ಹೊರಟುನಿಂತ ಯಾರೋ ಒಬ್ಬನ ಹಿಂದೆ ನಿಂತಂತಾಗುತ್ತಿತ್ತು.

ಆ ಊರಿನಲ್ಲಿ ಎಲ್ಲ ಫೋಟೋಗಳೂ ಹೀಗೆಯೇ. ಕಾಗದದ್ದಾಗಲಿ, ಮೊಬೈಲಿನೊಳಗಿನದಾಗಲಿ, ಇದ್ದದ್ದನ್ನು ಇದ್ದಂತೆ ತೋರಿಸುವ ಚಿತ್ರದೊಳಗಿನವರು ಮೆಲ್ಲಮೆಲ್ಲನೆ ಬೆನ್ನು ತಿರುಗಿಸಿಬಿಡುತ್ತಿದ್ದರು. ಜನ ಅದಕ್ಕೆ ಹೊಂದಿಕೊಂಡಿದ್ದರು. ರೇಷನ್ ಅಂಗಡಿಯವನು ಕಾರ್ಡು ಕೈಗೆ ತೆಗೆದುಕೊಂಡು, “ತಿರುಗವ್ವಾ ಸ್ವಲ್ಪ,” ಎನ್ನುತ್ತಿದ್ದ. ಹೆಂಗಸರು ಜಡೆಯನ್ನು ಪಕ್ಕಕ್ಕೆ ಸರಿಸಿ ಬೆನ್ನು ತೋರಿಸಿ, ಅಕ್ಕಿ ಹಾಕಿಸಿಕೊಂಡು ಹೋಗುತ್ತಿದ್ದರು. ಆದರೆ ಮನೆಯ ಗೋಡೆಯ ಮೇಲಿನವರ ವಿಷಯ ಬೇರೆ. ತಮ್ಮವರು ತಮ್ಮ ಕಡೆ ನೋಡುತ್ತಿರಲಿ ಎಂದು ಯಾರಿಗೆ ಆಸೆಯಿರುವುದಿಲ್ಲ? ಅಂಥವರು ನಮ್ಮಲ್ಲಿಗೆ ಬರುತ್ತಿದ್ದರು. ದರ್ಜಿ ತೋಳು ಅರ್ಧವೋ ಪೂರ್ತಿಯೋ ಎಂದು ಕೇಳುವಷ್ಟೇ ಸಹಜವಾಗಿ ವಿರೂಪಣ್ಣ ಕೇಳುತ್ತಿದ್ದ: “ಯಾವ ಸುಳ್ಳು ಇಡೋದ್ರಿ?”

ಫೋಟೋವನ್ನು ಬರಿದೇ ಚಂದಗೊಳಿಸಿದರೆ ಅದು ನಿಧಾನವಾಗಿ ತಿರುಗುತ್ತದೆ, ಅಷ್ಟೇ. ಒಂದು ಸುಳ್ಳು ಇಟ್ಟರೆ ಮಾತ್ರ ನಿಲ್ಲುತ್ತದೆ. ಆ ಸುಳ್ಳನ್ನು ಮನೆಯವರೇ ಹೇಳಬೇಕು. ಮನೆಯವರ ಕಣ್ಣು ಮೊದಲು ಎಲ್ಲಿ ಬೀಳುತ್ತದೋ ಅಲ್ಲಿಯೇ ಇಡಬೇಕು. ಮೂಲೆಯಲ್ಲೊಂದು ಹೂಕುಂಡ ಇಟ್ಟು ತಪ್ಪಿಸಿಕೊಳ್ಳುವಂತಿಲ್ಲ. ಹೀಗಾಗಿ ಬೋಳುತಲೆಯ ಅಜ್ಜಂದಿರಿಗೆ ನಾನು ಗುಂಗುರು ಕೂದಲು ಬರೆದೆ. ಜಗಳಗಂಟಿ ಅತ್ತೆಯೊಬ್ಬಳ ತುಟಿಯಲ್ಲಿ ಸೊಸೆ ಹೇಳಿದ ಮುಗುಳ್ನಗೆಯನ್ನು ಇಟ್ಟೆ. ಅವರೆಲ್ಲ ಗಟ್ಟಿಯಾಗಿ ನಿಂತರು. ಬರಬರುತ್ತ ನನಗೆ ಒಂದು ಸಂಗತಿ ಅರಿವಿಗೆ ಬಂತು. ಕಾಲ ಕಳೆದಂತೆ ಮನೆಯವರು ಸುಳ್ಳನ್ನೇ ನೆನಪಿಟ್ಟುಕೊಳ್ಳುತ್ತಿದ್ದರು. ಆ ಸೊಸೆ ಹಬ್ಬದ ದಿನ ಬಂದು, “ನಮ್ಮತ್ತಿ ನಕ್ಕೋತನ ಇರ್ತಿದ್ಲು ಬಿಡ್ರಿ,” ಎಂದು ಕಣ್ಣೊರೆಸಿಕೊಂಡಳು.

ಸ್ಟುಡಿಯೋದ ಒಳಗೋಡೆಯ ಮೇಲೆ ಯಾರೂ ಒಯ್ಯದೆ ಬಿಟ್ಟ ಹಳೆಯ ಫೋಟೋಗಳ ಸಾಲಿತ್ತು. ಎಲ್ಲರೂ ಬೆನ್ನು ತಿರುಗಿಸಿದವರೇ. ಬೆಳಿಗ್ಗೆ ಬಾಗಿಲು ತೆಗೆದಾಗ, ತಡವಾಗಿ ಬಂದು ಸಭೆಯ ಹಿಂದಿನ ಸಾಲಿನಲ್ಲಿ ನಿಂತಂತೆ ಅನ್ನಿಸುತ್ತಿತ್ತು. ಮುಂದೆ, ನಮಗೆ ಕಾಣದ ಕಡೆ, ಏನೋ ನಡೆಯುತ್ತಿತ್ತು.

“ಇವರೆಲ್ಲ ಅತ್ತ ಏನನ್ನು ಅವಲೋಕಿಸುತ್ತಿದ್ದಾರೆ ಅಣ್ಣಾ?” ಎಂದು ಒಮ್ಮೆ ಕೇಳಿದೆ.

“ಅವಲೋಕಿಸ್ತಾರಂತ. ಬಸ್‌ಸ್ಟ್ಯಾಂಡಿನ ಕಾದಂಬರಿ ಓದಿ ಓದಿ ನಿನ್ನ ನಾಲಿಗಿ ಕೆಟ್ಟೈತಿ ನೋಡು,” ಎಂದು ನಕ್ಕ ವಿರೂಪಣ್ಣ. ಬಳಿಕ ನಗು ನಿಲ್ಲಿಸಿ ಕನ್ನಡಕ ಒರೆಸಿಕೊಂಡ. “ಅದನ್ನ ಕೇಳಬಾರದು ತಮ್ಮಾ. ಬಾಳ ಕೇಳಿದವರು ತಾವೂ ತಿರುಗ್ತಾರ.”

ದಾನವ್ವ ಬಂದದ್ದು ಮಾಗಿಯ ಒಂದು ಬೆಳಿಗ್ಗೆ. ಹಪ್ಪಳ, ಸಂಡಿಗೆ ಮಾಡಿ ಮಾರುತ್ತಿದ್ದ ಹೆಂಗಸು; ಗಂಡ ತೀರಿಹೋಗಿ ವರ್ಷವಾಗಿರಲಿಲ್ಲ. ಗಂಡನ ಚಿತ್ರಕ್ಕೆ ತಾನೇ ನಿಂತು ಸುಳ್ಳು ಹೇಳಿ ಇಡಿಸಿಕೊಂಡು ಹೋಗಿದ್ದಳು. “ಜನ್ಮದಾಗ ಒಂದು ಹೂವು ತಂದು ಕೊಟ್ಟಾಂವ ಅಲ್ಲ. ಕೈಯಾಗ ಗುಲಾಬಿ ಇಡ್ಸೇನಿ. ಕಂಬದಂಗ ನಿಂತಾನ,” ಎಂದು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದವಳು. ಆ ದಿನ ಅವಳ ಕಂಕುಳಲ್ಲಿದ್ದದ್ದು ಮಗಳ ಚಿತ್ರ. ಹೊನ್ನಿ ಎಂಟೊಂಬತ್ತರ ವಯಸ್ಸಿಗೆ ಜ್ವರದಲ್ಲಿ ಹೋದವಳು. ಅದಾಗಿ ಬಹಳ ವರ್ಷಗಳಾಗಿದ್ದವು. ಚಿತ್ರದಲ್ಲಿ ಕೆಂಪು ಲಂಗದ ಹುಡುಗಿಯೊಬ್ಬಳು ನೇರವಾಗಿ, ನಿಶ್ಚಲವಾಗಿ ನಮ್ಮನ್ನು ನೋಡುತ್ತಿದ್ದಳು.

“ಈಕಿ ಹೊನ್ನಿ ಅಲ್ಲ,” ಎಂದಳು ದಾನವ್ವ. “ನನ್ನ ಮಗಳಿಗೆ ಬಲಗಣ್ಣು ಮಾಲಗಣ್ಣು. ಹೊರಗ ಹೊರಗ ಓಡ್ತಿತ್ತು. ಸಾಲ್ಯಾಗ ಹುಡುಗ್ರು ಕಾಡ್ತಿದ್ರು, ಕೂಸು ಅಳಕೋತ ಬರ್ತಿತ್ತು. ಆಪರೇಶನ್ ಮಾಡ್ಸಬೇಕಂತ ನಮ್ಮನಿಯವರು ಹೇಳ್ಕೋತನ ಇದ್ರು, ಆಗ್ಲಿಲ್ಲ. ಅಕಿ ಹೋದ ಮ್ಯಾಲೆ ಇಲ್ಲೆ ಬಂದು, ಕಣ್ಣು ನೆಟ್ಟಗ ಮಾಡ್ರಿ ಅಂದ್ರು. ಅದ ಸುಳ್ಳು ಆತು.”

“ನಾನ ಇಟ್ಟಿದ್ದು,” ಎಂದ ವಿರೂಪಣ್ಣ. “ಕಲ್ಲಿನಂಗ ನಿಂತೈತಿ. ಮತ್ತೇನವ್ವಾ?”

“ಅಂವ ಇದ್ದಾಗ ಬಾಯಿ ಬಿಡ್ಲಿಲ್ಲ ನಾ. ಅಂವಗ ಅದ ಸಮಾಧಾನ ಇತ್ತು. ಈಗ ಆ ಕಣ್ಣು ತಗೀರಿ. ಮೊದಲಿನ ಕಣ್ಣು ಇಡ್ರಿ.”

“ತಗದ್ರ ತಿರುಗ್ತಾಳ. ಇರೂದು ಒಂದ ಚಿತ್ರ ದಾನವ್ವಾ.”

“ಇರ್ಲಿ. ಕಣ್ಣು ಮುಚ್ಚಿದ್ರ ನನಗ ಈ ನೆಟ್ಟನ ಕಣ್ಣಿನಾಕಿ ಬರಾಕ ಹತ್ಯಾಳ. ನನ್ನ ಕೂಸಿನ ಮಾರಿ ನನಗ ಮರೀತೈತಿ.”

ವಿರೂಪಣ್ಣ ಒಪ್ಪಲಿಲ್ಲ. ಅವಳು ಅಂಗಡಿಯ ಕಟ್ಟೆ ಬಿಟ್ಟು ಏಳಲಿಲ್ಲ. ಮಧ್ಯಾಹ್ನವಾಗುವ ಹೊತ್ತಿಗೆ ಅವನು, “ನಾ ಮುಟ್ಟೂದಿಲ್ಲ, ಈ ತಮ್ಮ ಮಾಡಿದ್ರ ಮಾಡ್ಲಿ,” ಎಂದು ಊಟಕ್ಕೆ ಎದ್ದು ಹೋದ. ನನಗೆ ಅದು ಸುಲಭದ ಕೆಲಸವೆಂದೇ ತೋರಿತು. ಇಂಥ ಚಿತ್ರವನ್ನು ಪದರದ ಮೇಲೆ ಪದರವಾಗಿ ಕಟ್ಟಿರುತ್ತಾರೆ. ಎಲ್ಲಕ್ಕೂ ಕೆಳಗೆ ಮೂಲ ಫೋಟೋ ಹಾಗೆಯೇ ಇರುತ್ತದೆ, ಮೇಲಿನವುಗಳನ್ನು ಮರೆಮಾಡಿದರಾಯಿತು. ಹಳೆಯ ಫೈಲನ್ನು ಹುಡುಕಿ ತೆರೆದೆ. ದಾನವ್ವ ನನ್ನ ಹೆಗಲ ಬಳಿ ಬಂದು ನಿಂತಳು. ನೇಯ್ಗೆಯನ್ನು ಮರೆಮಾಡಿದೆ, ಬೆಳಕನ್ನು, ಕುಂಚದ ಗೆರೆಗಳನ್ನು, ಕೊನೆಗೆ ವಿರೂಪಣ್ಣ ಇಟ್ಟ ಕಣ್ಣನ್ನು. ಅಡಿಯಲ್ಲಿದ್ದ ಫೋಟೋ ತೆರೆಯ ಮೇಲೆ ಬಂತು. ಅದರಲ್ಲಿ ಎರಡು ಜಡೆ, ಒಂದು ಸಣ್ಣ ಬೆನ್ನು, ರವಿಕೆಯ ಹಿಂದಿನ ಗುಂಡಿಗಳು. ಇಷ್ಟು ವರ್ಷ ಬಣ್ಣದ ಅಡಿಯಲ್ಲಿ, ಯಾರೂ ನೋಡದಿದ್ದಾಗ, ಹುಡುಗಿ ತಿರುಗಿ ಮುಗಿಸಿದ್ದಳು.

ದಾನವ್ವ ತೆರೆಯ ಮೇಲಿನ ಜಡೆಗಳನ್ನು ಬೆರಳಿಂದ ಮುಟ್ಟಿ, “ಬಲಕಿನ ಜಡಿ ಸಡ್ಲ ಆಗೈತಿ. ನಾನ ಹೆಣದಿದ್ದು,” ಎಂದಳು.

ಇನ್ನು ಉಳಿದದ್ದು ಒಂದೇ ದಾರಿ. ಅವಳು ಹೇಳಬೇಕು, ನಾನು ಬರೆಯಬೇಕು. ಆದರೆ ನೆನಪಿನಿಂದ ಬರೆದದ್ದು ನಿಜವೋ ಸುಳ್ಳೋ ತಿಳಿಯುವುದು ಹೇಗೆ ಎಂದು ನಾನು ಕೇಳಿದೆ. ದಾನವ್ವ ನನ್ನನ್ನು ದಡ್ಡನನ್ನು ನೋಡಿದಂತೆ ನೋಡಿದಳು.

“ಸುಳ್ಳಿದ್ರ ನಿಲ್ತಾಳ. ಖರೆ ಇದ್ರ ತಿರುಗ್ತಾಳ,” ಎಂದಳು.

ಹೀಗೆ ಆ ತಾಯಿ ತನ್ನ ಮಗಳು ತನಗೆ ಬೆನ್ನು ತಿರುಗಿಸಲೆಂದು ಹಾರೈಸುತ್ತ ನನ್ನ ಪಕ್ಕದಲ್ಲಿ ಕುಳಿತಳು. “ಇನ್ನಷ್ಟು ಹೊರಗ... ಅಲ್ಲ, ಅಷ್ಟಲ್ಲ,” ಎನ್ನುತ್ತ, ತನ್ನ ಕಣ್ಣನ್ನೇ ಹೊರಳಿಸಿ ತೋರಿಸಿದಳು. ಪಾಪೆಯನ್ನು ಸರಿಸಿ, ಕಣ್ಣಿನ ಬಿಳುಪಿನಲ್ಲಿ ಕುಂಚವಾಡಿಸಿ, ಬಟ್ಟೆಯ ಮೇಲೆ ಮುದ್ರಿಸಿಕೊಟ್ಟೆ. ಚಿತ್ರವನ್ನು ಎದೆಗವಚಿಕೊಂಡು ಹೋದಳು. ಹದಿನೈದು ದಿನ ಬಿಟ್ಟು ಬಂದಾಗ ಅವಳ ಮುಖ ಬಾಡಿತ್ತು.

“ನಿಂತಾಳ,” ಎಂದಳು.

ಮತ್ತೊಮ್ಮೆ ಮಾಡಿದೆವು, ಈ ಸಲ ರೆಪ್ಪೆಯನ್ನೂ ತುಸು ಇಳಿಸಿದೆ. ಆಗಲೂ ಹುಡುಗಿ ನಿಂತೇ ಇದ್ದಳು. ಊರಿನಲ್ಲಿ ಬೇರೆ ಯಾರಿಗಾದರೂ ಅದು ಹಬ್ಬದಂಥ ಸಂಗತಿ. ದಾನವ್ವ ಮಾತ್ರ ಕಟ್ಟೆಯ ಮೇಲೆ ಕುಸಿದು ಕುಳಿತು, “ಹೆತ್ತಾಕಿ ನಾನು. ನನಗ ನೆನಪಿಲ್ಲ,” ಎಂದಳು. ಎದುರಂಗಡಿಯಿಂದ ಹಂಪಣ್ಣ ಕೂಗಿ ಹೇಳಿದ: “ಅವ್ವಾ, ಮಾರಿ ಮರತ್ರ ಮರೀಲಿ, ಹೆಡಕು ನೆನಪಿಟ್ಕೋರಿ.” ಎಂದೂ ತಿರುಗಿ ಬೈಯದೆ ಬಿಡದ ದಾನವ್ವ ಆ ದಿನ ಅವನತ್ತ ನೋಡಲೂ ಇಲ್ಲ.

ಮರುವಾರ ಕೈಚೀಲ ಹೆಗಲಿಗೇರಿಸಿ ನಾನೇ ಅವಳ ಮನೆಗೆ ಹೋದೆ. ಒಂದೇ ಅಂಕಣದ ಮನೆ. ಗೋಡೆಯ ಮೇಲೆ ಗುಲಾಬಿ ಹಿಡಿದ ಗಂಡ, ಅವನ ಪಕ್ಕದಲ್ಲಿ ಮಗಳು. ದಾನವ್ವ ನನಗೆ ಮಣೆ ಹಾಕಿ, ಚುರಮರಿ ಒಗ್ಗರಣೆ ಮಾಡಿ ತಂದಳು. ತಂದವಳು ನನ್ನ ಎದುರಿಗೆ ಕೂರಲಿಲ್ಲ. ನನ್ನ ಬಲಗಡೆಗೆ ಸರಿದು, ಮೊಣಕಾಲೂರಿ ಕುಳಿತು, ಅಲ್ಲಿಂದ ತಟ್ಟೆಯನ್ನು ನೂಕಿದಳು. ಮಾತಾಡಬೇಕೆಂದರೆ ನಾನು ಕತ್ತು ಹೊರಳಿಸಬೇಕಾಗಿತ್ತು.

“ಎದುರಿಗೆ ಕೂತುಕೊಳ್ಳಿ ಅಮ್ಮಾ,” ಎಂದೆ.

“ರೂಢಿ ತಮ್ಮಾ. ಹೊನ್ನಿಗೆ ಉಣ್ಸುವಾಗಿಂದ ಬಂದ...” ಎಂದವಳ ಮಾತು ಅಲ್ಲಿಯೇ ನಿಂತಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ತಟ್ಟೆ ಸರಿಸಿ ಎದ್ದೆ. ನಾನು ಕುಳಿತಿದ್ದ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ತೆರೆಯ ಮೇಲೆ ಹೊನ್ನಿಯ ಮುಖವನ್ನು ನಿಜವಾದ ಮುಖದಷ್ಟು ದೊಡ್ಡದು ಮಾಡಿದೆ. ದಾನವ್ವ ಕುಳಿತಲ್ಲಿಂದ ಕದಲಲಿಲ್ಲ. ನೆನಪಿಸಿಕೊಳ್ಳುವ ಗೋಜಿಗೆ ಅವಳು ಈ ಸಲ ಹೋಗಲೇ ಇಲ್ಲ. ನಾನು ಪಾಪೆಯನ್ನು ಎಳ್ಳಷ್ಟು ಎಳ್ಳಷ್ಟೇ ಹೊರಕ್ಕೆ ಸರಿಸುತ್ತ ಹೋದೆ, ಅವಳು ತುತ್ತು ಹಿಡಿದವಳಂತೆ ಬಲಗೈ ಎತ್ತಿಕೊಂಡು ಕಾಯುತ್ತ ಕುಳಿತಳು. ಒಂದು ಜಾಗಕ್ಕೆ ಬಂದಾಗ ಅವಳ ಬೆರಳುಗಳು ತಾವಾಗಿ ಮುಂದಕ್ಕೆ ಚಾಚಿದವು.

“ನಿಲ್ಸು,” ಎಂದಳು. “ನನ್ನ ನೋಡಾಕ ಹತ್ಯಾಳ.”

ನನ್ನ ಕಡೆಯಿಂದ ನೋಡಿದರೆ ಆ ಕಣ್ಣು ಬರಿಯ ಓರೆಗಣ್ಣು, ಬಾಗಿಲಿನತ್ತಲೋ ಗೋಡೆಯತ್ತಲೋ ಹೋದದ್ದು. ಅವಳು ಕುಳಿತ ಜಾಗದಿಂದ ಮಾತ್ರ ಅದು ನೆಟ್ಟ ನೋಟ.

ಹೊಸ ಚಿತ್ರ ಮನೆಗೆ ಹೋದ ಕೆಲವೇ ದಿನಗಳಲ್ಲಿ ದಾನವ್ವ ಸೆರಗಿನಲ್ಲಿ ಸಕ್ಕರೆ ಕಟ್ಟಿಕೊಂಡು ಪೇಟೆಗೆ ಬಂದಳು. ಅಂಗಡಿ ಅಂಗಡಿಗೆ ಹೋಗಿ, “ತಿರುಗಾಕ ಹತ್ಯಾಳ, ಬಾಯಿ ಸಿಹಿ ಮಾಡ್ಕೋರಿ,” ಎಂದು ಚಿಟಿಕೆ ಚಿಟಿಕೆಯಾಗಿ ಹಂಚಿದಳು. ಜನ ಅಂಗೈ ಚಾಚಿದರು; ಬಾಯಿಗೆ ಹಾಕಿಕೊಳ್ಳಬೇಕೋ ಬೇಡವೋ ತಿಳಿಯದೆ ನಿಂತರು. ವಿರೂಪಣ್ಣ ಕೈ ಚಾಚಲಿಲ್ಲ.

“ಪೂರ್ತಿ ತಿರುಗಿದ ಮ್ಯಾಲೆ ಏನ್ ಮಾಡ್ತಿ?” ಎಂದ.

“ಜಡಿ ನೋಡ್ತೀನಿ,” ಎಂದು ನಗುತ್ತ ಹೋದಳು.

ಆಮೇಲೆ ಅವಳು ಪೇಟೆಗೆ ಬರಲಿಲ್ಲ. ಹಪ್ಪಳಕ್ಕೆ ಹೇಳಿಹೋದವರು ಬಂದು, ಬಾಗಿಲು ತೆರೆದೇ ಇರುತ್ತದೆ, ಕೂಗಿದರೆ ಓಗೊಡುತ್ತಾಳೆ, ಎದ್ದು ಮಾತ್ರ ಬರುವುದಿಲ್ಲ ಎಂದರು. ನಾನು ಒಂದು ಇಳಿಹೊತ್ತು ಅಲ್ಲಿಗೆ ಹೋದೆ.

ಬಾಗಿಲಲ್ಲೇ ನನಗೆ ಚಿತ್ರ ಕಂಡಿತು. ಹೊನ್ನಿ ಗೋಡೆಯ ಆಚೆಗೆ ಮುಖ ಮಾಡಿದ್ದಳು. ಜಡೆ, ಕಿವಿ, ಕೆನ್ನೆಯ ಒಂದು ಅಂಚು. ಆದರೆ ತಿರುಗುವುದು ಅಲ್ಲಿಗೆ ನಿಂತುಬಿಟ್ಟಿತ್ತು. ಕೆನ್ನೆಯ ಆ ಅಂಚಿನಲ್ಲಿ, ಸದಾ ಹೊರಗೆ ಓಡುತ್ತಿದ್ದ ಆ ಬಲಗಣ್ಣು ತಲೆಯೊಡನೆ ಹೋಗದೆ ಹಿಂದೆ ಉಳಿದುಕೊಂಡು, ಕೋಣೆಯೊಳಕ್ಕೆ, ತಾಯಿ ಕೂರುವ ಜಾಗಕ್ಕೆ ನೆಟ್ಟಿತ್ತು. ನಾನು ಬರೆದ ಕಣ್ಣು ಅದು. ಅದರ ಒಂದೊಂದು ಗೆರೆಯೂ ನನಗೆ ಗೊತ್ತಿತ್ತು. ಆದರೂ ಹೊಸ್ತಿಲು ದಾಟಲು ನನ್ನ ಕಾಲು ಬರಲಿಲ್ಲ.

ದಾನವ್ವ ತನ್ನ ಜಾಗದಲ್ಲೇ ಇದ್ದಳು, ನನ್ನತ್ತ ಬೆನ್ನು ಮಾಡಿ. ಮಗಳು ಮುಖ ಮಾಡಿದ ಕಡೆಗೇ ಅವಳೂ ಮುಖ ಮಾಡಿದ್ದಳು. ಅಲ್ಲಿ ಇದ್ದದ್ದು ಸುಣ್ಣದ ಗೋಡೆ.

“ಬಾ ತಮ್ಮಾ,” ಎಂದಳು, ತಿರುಗದೆ. ದನಿಯಲ್ಲಿ ಏನೂ ಬದಲಾಗಿರಲಿಲ್ಲ. “ನೋಡಿದೇನು? ಅಕಿ ಪೂರ್ತಿ ತಿರುಗೂದಿಲ್ಲ. ಆ ಕಣ್ಣು ಬಿಡೂದಿಲ್ಲ ಅಕಿನ್ನ.”

“ಅಮ್ಮಾ, ಈ ಕಡೆ ಸ್ವಲ್ಪ ನೋಡಿ.”

“ನೋಡಾಕ ಹತ್ತೀನಲ್ಲ.” ಅವಳ ತಲೆ ಅಲುಗಲಿಲ್ಲ. ಕೆನ್ನೆಯ ಅಂಚಿನಲ್ಲಿ ಅವಳ ಒಂದು ಕಣ್ಣು ಮಾತ್ರ ಹೊರಳಿ, ನನ್ನನ್ನು ಹುಡುಕಿ, ಹಿಡಿದು ನಿಂತಿತು. “ಮುಂದ ಏನೋ ಐತಿ ತಮ್ಮಾ. ಅಕಿ ಅದನ್ನ ನೋಡ್ತಾಳ, ನನ್ನೂ ನೋಡ್ತಾಳ. ಬಾ ಅನ್ನೂವಂಗ. ನನಗಿನ್ನೂ ಸಮ ಕಾಣವಲ್ದು. ಕಾಣ್ತೈತಿ, ಇನ್ನೊಂದ್ ನಾಕ್ ದಿನ.”

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ವಿರೂಪಣ್ಣ ಹೇಳಿದ್ದು ನೆನಪಾಯಿತು. ಗೋಡೆಯತ್ತ ನೋಡಬಾರದೆಂದು ನೆಲ ನೋಡಿದೆ. ನನ್ನ ಕಾಲ್ಬೆರಳುಗಳು ಆಗಲೇ ಆ ಕಡೆಗೆ ತಿರುಗಿದ್ದವು.

“ನೀ ಹೊಂಟಿಯಲ್ಲ,” ಎಂದಳು ದಾನವ್ವ. ಹೊರಡುವ ವಿಚಾರವನ್ನು ನಾನು ಯಾರಿಗೂ ಹೇಳಿರಲಿಲ್ಲ; ಆ ಕ್ಷಣದವರೆಗೆ ನನಗೂ ಅದು ತಿಳಿದಿರಲಿಲ್ಲ. “ನಿನ್ನ ಫೋಟೋಕ ಸುಳ್ಳು ಹೇಳಾಕ ಯಾರೂ ಇಲ್ಲಂತ ವಿರೂಪಣ್ಣ ಅಂತಿದ್ದ. ನನ್ನ ಮಗಳನ್ನ ಕೊಟ್ಟಿ ನೀ. ನಿನ್ನ ಸುಳ್ಳು ನಾ ಹೇಳ್ತೀನಿ. ನಿನ್ನ ಹಿಂದ ಒಂದು ಹೊಸ್ತಿಲ ಬರ್ಸ್ಕೋ. ಹೊಸ್ತಿಲ ಮುಂದ ನಿನ್ನ ಚಪ್ಪಲಿ ಬಿಟ್ಟಿರ್ಲಿ. ಒಳಗ ದೀಪ ಇರ್ಲಿ.”

ಮರುದಿನ ಬೆಳಿಗ್ಗೆ ವಿರೂಪಣ್ಣ ನನ್ನನ್ನು ಮತ್ತೆ ಕುರ್ಚಿಯ ಮೇಲೆ ಕೂರಿಸಿದ. ದಾನವ್ವನ ಮಾತನ್ನು ನಾನು ಅವನಿಗೆ ಒಪ್ಪಿಸಿದೆ. ಅವನು ಕನ್ನಡಕ ಏರಿಸಿ ಕುಳಿತು, ತನ್ನ ಕೈಯಾರೆ ಬರೆದ: ಹೊಸ್ತಿಲು, ಅರಿಶಿನ ಕುಂಕುಮದ ಬೊಟ್ಟು, ಒಂದರ ಮೇಲೊಂದು ಬಿಟ್ಟ ನನ್ನ ಸವೆದ ಚಪ್ಪಲಿಗಳು, ಒಳಗಿನ ಬೆಳಕು. ಹರವಿಯ ಮೇಲಿದ್ದ ಬೆನ್ನಿನ ಫೋಟೋ ತೆಗೆದು ಇದನ್ನು ನೇತುಹಾಕಿ, ದೂರ ನಿಂತು ನೋಡಿದ.

“ನಿಲ್ತೈತಿ,” ಎಂದ. “ಇಷ್ಟು ದೊಡ್ಡ ಸುಳ್ಳು ನಾ ಇಟ್ಟಿದ್ದ ಇಲ್ಲ.”

“ದಾನವ್ವನ ಮನೆಗೆ ಹೋಗಿ ಬನ್ನಿ ಅಣ್ಣಾ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.”

“ಹೋಗ್ತೀನಿ,” ಎಂದ ವಿರೂಪಣ್ಣ. “ಬೆನ್ನು ಮಾಡಿ ಕುಂತು ಮಾತಾಡ್ತೀನಿ ಅಕಿ ಕೂಡ. ಗ್ವಾಡಿ ನೋಡೂದಿಲ್ಲ.”

ಲ್ಯಾಪ್‌ಟಾಪನ್ನು ಪಂಚೆಯಲ್ಲಿ ಸುತ್ತಿದೆ. ಹಲಗೆ, ಲೇಖನಿ, ಕೊನೆಯ ಪುಟಗಳಿಲ್ಲದ ಒಂದೆರಡು ಕಾದಂಬರಿ, ಒಂದು ಅಂಗಿ. ಕೈಚೀಲ ತುಂಬಲು ಎಂದಿನಂತೆ ಹೊತ್ತು ಹಿಡಿಯಲಿಲ್ಲ. ಹಂಪಣ್ಣ ತನ್ನ ಅಂಗಡಿಯ ಬಾಗಿಲಿಗೆ ಬಂದು ನಿಂತು ನನ್ನ ಹೆಡತಲೆಯನ್ನು ಕೊನೆಯ ಸಲ ಪರೀಕ್ಷಿಸಿ, “ಹೋಗ್ ಬರ್ರಿ, ಚಂದ ಕಾಣ್ತೀರಿ,” ಎಂದ.

ಪ್ರಿಯ ವಾಚಕರೇ, ತಾವು ಎಂದಾದರೂ ಫಲಕಕ್ಕೆ ಸುಣ್ಣ ಬಳಿದ ಒಂದು ನಿಲ್ದಾಣದಲ್ಲಿ ಇಳಿದರೆ, ದಯವಿಟ್ಟು ವಿರೂಪಣ್ಣನ ಸ್ಟುಡಿಯೋಗೆ ಹೋಗಿ ಒಂದು ಲೋಟ ನೀರು ಕೇಳಬೇಕು. ಹರವಿಯ ಮೇಲಿನ ಮನುಷ್ಯ ತಮ್ಮನ್ನು ನೆಟ್ಟಗೆ ನೋಡುತ್ತಿದ್ದರೆ, ನಾನು ಇನ್ನೂ ದಾರಿಯಲ್ಲಿದ್ದೇನೆಂದು ತಿಳಿಯಬೇಕು. ಅವನ ಕಿವಿ ಕಂಡರೆ, ಎಲ್ಲಿಯೋ ಒಂದು ಹೊಸ್ತಿಲ ಮುಂದೆ ನಾನು ಚಪ್ಪಲಿ ಬಿಟ್ಟಿದ್ದೇನೆ. ದಾನವ್ವ ಹೇಳಿದ ಸುಳ್ಳು ನಿಜವಾಗಿದೆ. ಅವನು ಅತ್ತ ಏನನ್ನು ನೋಡುತ್ತಿದ್ದಾನೆಂದು ಮಾತ್ರ ತಾವು ಕೇಳಬಾರದು.

ಬಸ್ಸು ಬಂದಿತ್ತು. ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಕೈಚೀಲ ಹೆಗಲಿಗೇರಿಸಿ, ಊರಿಗೆ ಬೆನ್ನು ಮಾಡಿ ನಾನು ಹತ್ತಿದೆ.